ಬಸ್ಸಿನ ಬೋರ್ಡಿನಂತಿರಲಿ ಗೇಮಿನ ಮುಖಚಿತ್ರ

ಆದಿವಾಲದಲ್ಲಿ ಹಿರಿಯೂರು ಬಸ್ಸಿಗೆ ಕಾಯುವವರನ್ನು ಸ್ವಲ್ಪ ಹೊತ್ತು ಗಮನಿಸಿ. ದೂರದಲ್ಲಿ ಬಸ್ಸು ಕಂಡೊಡನೆ ಕಣ್ಣು ಹೋಗುವುದು ಅದರ ನೆತ್ತಿಯ ಬೋರ್ಡಿಗೆ. ಊರಿನ ಹೆಸರು ದೊಡ್ಡದು, ‘ಮಾರ್ಗ’ ಚಿಕ್ಕದು. ‘ತಡೆರಹಿತ’ ಎಂದಿದ್ದರೆ ಎತ್ತಿದ ಕೈ ತಾನಾಗಿ ಕೆಳಗಿಳಿಯುತ್ತದೆ. ಎರಡು ಉಸಿರಿನ ಹೊತ್ತಿನಲ್ಲಿ ಎಲ್ಲ ತೀರ್ಮಾನವಾಗಿರುತ್ತದೆ. ಸೀಟು ಮೆತ್ತಗಿದೆಯೋ, ಕಿಟಕಿ ಸರಿಯಾಗಿ ಮುಚ್ಚುತ್ತದೆಯೋ ಅನ್ನುವುದೆಲ್ಲ ಹತ್ತಿದ ಮೇಲಿನ ಮಾತು.

ಪ್ಲೇ ಸ್ಟೋರ್‌ನಲ್ಲೋ ಸ್ಟೀಮ್‌ನಲ್ಲೋ ನಿಮ್ಮ ಗೇಮಿನ ಮುಖಚಿತ್ರಕ್ಕೆ ಸಿಗುವುದೂ ಅಷ್ಟೇ ಹೊತ್ತು. ಬೆರಳು ಪರದೆಯನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ನಿಮ್ಮ ಚಿತ್ರ ಅದನ್ನು ನಿಲ್ಲಿಸಬೇಕು. ಒಬ್ಬರೋ ಇಬ್ಬರೋ ಸೇರಿ ಚಿಕ್ಕ ಇಂಡೀ ಗೇಮ್ ಕಟ್ಟುವವರು ಆಟಕ್ಕೆ ಎರಡು ವರ್ಷ ಕೊಡುತ್ತಾರೆ, ಮುಖಚಿತ್ರಕ್ಕೆ ಕೊನೆಯ ರಾತ್ರಿ ಕೊಡುತ್ತಾರೆ. ನಾನೂ ಹಾಗೇ ಮಾಡಿ ಪೆಟ್ಟು ತಿಂದವನು. ಚಿತ್ರಕಲೆಯ ಪಾಠ ನನ್ನಿಂದಾಗದು. ಬೋರ್ಡು ಬರೆಯುವ ಪಾಠ ಇಲ್ಲಿದೆ, ಹಿಡಿಯಿರಿ.

1. ಮೊದಲು ಉಗುರಿನಷ್ಟು ಮಾಡಿ ನೋಡಿ

ಪ್ಲೇ ಸ್ಟೋರ್ ಕೇಳುವ ಐಕಾನ್ 512 × 512 ಪಿಕ್ಸೆಲ್. ನೀವು ಅದನ್ನು ಲ್ಯಾಪ್‌ಟಾಪಿನಲ್ಲಿ ತಟ್ಟೆಯಷ್ಟು ದೊಡ್ಡದಾಗಿ ತೆರೆದಿಟ್ಟು ರೆಪ್ಪೆಕೂದಲು ತಿದ್ದುತ್ತಿರುತ್ತೀರಿ. ನೋಡುವವರಿಗೆ ಫೋನಿನಲ್ಲಿ ಕಾಣುವುದು ಹೆಬ್ಬೆಟ್ಟಿನ ಉಗುರಿನಷ್ಟು.

ನನ್ನ ಮೊದಲ ಗೇಮ್ ಚೌಕಾಬಾರ. ಅಭಿಮಾನದಿಂದ ಐದೈದು ಮನೆಯ ಇಡೀ ಮಣೆಯನ್ನು ಐಕಾನಿನೊಳಗೆ ತುಂಬಿದ್ದೆ: ಇಪ್ಪತ್ತೈದು ಚೌಕ, ಐದು ಕಡೆ ಗುಣಾಕಾರದ ಗೆರೆ, ನಾಲ್ಕು ಬಣ್ಣದ ಕಾಯಿ, ಮೂಲೆಯಲ್ಲಿ ಕವಡೆ. ಫೋನಿನಲ್ಲಿ ಹಾಕಿ ಚಿಕ್ಕಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಏನಪ್ಪಾ ಇದು, ಟವಲ್ ಅಂಗ್ಡೀದಾ?” ಅಂದರು. ಅವರು ನನಗಿಂತ ಚೆನ್ನಾಗಿ ಚೌಕಾಬಾರ ಆಡುವವರು!

ಆಮೇಲೆ ಉಳಿಸಿಕೊಂಡದ್ದು ನಾಲ್ಕೇ ಕವಡೆ. ಮೂರು ಬೋರಲು, ಒಂದು ಅಂಗಾತ, ಅಂಗಾತ ಬಿದ್ದದ್ದರ ಹಲ್ಲು ಎದ್ದು ಕಾಣುವ ಹಾಗೆ. ಮಣೆ ಪೂರ್ತಿ ಹೋಯಿತು. ಚಿಕ್ಕಮ್ಮ ಒಂದೇ ನೋಟಕ್ಕೆ, “ಒಂದು ಬಿತ್ತು” ಅಂದರು. ಐಕಾನ್ ಪಾಸಾಯಿತು.

2. ಒಂದು ವಸ್ತು, ಒಂದು ಕ್ಷಣ

ಚಿತ್ರದುರ್ಗದ ಸೀಮೆಯ ಯಾರೇ ಗೇಮ್ ಮಾಡಲು ಕೂತರೂ ಕೋಟೆ ಮನಸ್ಸಿಗೆ ಬರುತ್ತದೆ. ಏಳು ಸುತ್ತು, ಬುರುಜು, ಬತೇರಿ, ಬಂಡೆ, ಮೇಲೆ ಬಾವುಟ, ಕೆಳಗೆ ಹೈದರಾಲಿಯ ದಂಡು. ಎಲ್ಲವನ್ನೂ ತುರುಕಿದರೆ ಉಗುರಿನ ಗಾತ್ರದಲ್ಲಿ ಕಾಣುವುದು ಒಂದು ಕಂದು ಕಲೆ.

ಓಬವ್ವನನ್ನು ನೆನೆಸಿಕೊಳ್ಳಿ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಒನಕೆ ಎತ್ತಿ ನಿಂತದ್ದನ್ನು ನೋಡಿದವರಿಗೆ ಕೋಟೆ ತೋರಿಸುವ ಅಗತ್ಯವೇ ಇಲ್ಲ. ಕಿಂಡಿಯ ಕಪ್ಪು ತೂತು, ಪಕ್ಕದಲ್ಲಿ ಒನಕೆ ಎತ್ತಿದ ಹೆಣ್ಣು. ಇಷ್ಟಿದ್ದರೆ ಕಥೆ ಪೂರ್ತಿ ಬಂತು. ಗಮನಿಸಿ, ಅದು ಪೆಟ್ಟು ಬಿದ್ದ ಕ್ಷಣ ಅಲ್ಲ, ಬೀಳುವುದಕ್ಕೆ ಒಂದು ಗಳಿಗೆ ಮುಂಚೆ. ಕೈ ಮೇಲಿದ್ದಾಗಲೇ ನೋಡುವವನಿಗೆ ‘ಮುಂದೇನು’ ಅನಿಸುವುದು. ಕವಡೆಯೂ ಅಷ್ಟೇ: ನೆಲಕ್ಕೆ ಬಿದ್ದದ್ದಕ್ಕಿಂತ ಗಾಳಿಯಲ್ಲಿರುವುದು ಚೆಂದ ಎಂದು ನನ್ನ ಎರಡನೇ ಐಕಾನ್ ಮುಗಿದ ಮೇಲೆ ಹೊಳೆಯಿತು.

ಪರೀಕ್ಷೆ ಸುಲಭ. ನಿಮ್ಮ ಮುಖ್ಯ ಪಾತ್ರವನ್ನು ಪೂರ್ತಿ ಕಪ್ಪು ಬಳಿದು ನೆರಳಿನ ಹಾಗೆ ಮಾಡಿ. ಆಗಲೂ ಗುರುತು ಸಿಕ್ಕರೆ ಆಕಾರ ಗಟ್ಟಿ. 2018ರಲ್ಲಿ ಮೂರು ನಾಲ್ಕು ಜನರ ತಂಡ ಹೊರತಂದ ‘ಅಮಾಂಗ್ ಅಸ್’ನ ಅವರೆಕಾಳಿನಂಥ ಗೊಂಬೆಯನ್ನು ನೋಡಿ: ಎರಡು ಮೋಟು ಕಾಲು, ಮುಖಕ್ಕೊಂದು ಗಾಜು, ಬೆನ್ನಿಗೊಂದು ಗಂಟು. 2020ರಲ್ಲಿ ಲೋಕವೆಲ್ಲ ಅದನ್ನು ಆಡುವಾಗ ಚಿಕ್ಕ ಮಕ್ಕಳೂ ಗೋಡೆ ಮೇಲೆ ಅದನ್ನು ಬರೆಯುತ್ತಿದ್ದರು. ಮಗು ಇದ್ದಿಲಿನಲ್ಲಿ ಬರೆಯಬಲ್ಲ ಆಕಾರ ನಿಮ್ಮದಾಗಿದ್ದರೆ ಅರ್ಧ ಗೆದ್ದಿರಿ.

3. ಬಣ್ಣಕ್ಕೆ ಗಂಜೀಫಾ ಎಲೆ ನೋಡಿ ಕಲಿಯಿರಿ

ಚಿಕ್ಕ ಜಾಗದಲ್ಲಿ ದೊಡ್ಡ ಗುರುತು ಮೂಡಿಸುವ ವಿದ್ಯೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಿಲ್ಲ, ಮೈಸೂರು ಸಾಕು. ಇಸ್ಪೀಟಿನಂಥ ಹಳೆಯ ಆಟವಾದ ದಶಾವತಾರ ಗಂಜೀಫಾದಲ್ಲಿ 120 ಎಲೆ. ಹತ್ತು ಅವತಾರ, ಅವತಾರಕ್ಕೆ ಹನ್ನೆರಡು. ಒಂದೊಂದು ಅವತಾರಕ್ಕೂ ಅದರದೇ ಹಿನ್ನೆಲೆ ಬಣ್ಣ, ಅದರದೇ ಚಿಹ್ನೆ. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ. ಆಡುವವನು ಎಲೆಗಳನ್ನು ಬೀಸಣಿಗೆಯಂತೆ ಹಿಡಿದಾಗ ಕಾಣುವುದು ಅಂಚು ಮಾತ್ರ, ಆ ಅಂಚಿನ ಬಣ್ಣದಲ್ಲೇ ಗುರುತು ಸಿಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ್ ಹೊಸ ಹೊಸ ಗಂಜೀಫಾ ಆಟಗಳನ್ನೇ ಕಟ್ಟಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕ ನಿಧಿಯಲ್ಲಿ ಅವುಗಳ ವಿವರವಿದೆ. ಅಂಚಿನ ಬಣ್ಣದಲ್ಲೇ ಗುರುತು ಹಿಡಿಸುವುದು: ಇವತ್ತಿನ ಐಕಾನ್ ಕೆಲಸ ಅಂದರೆ ಇದೇ.

ಹಿನ್ನೆಲೆಗೆ ಒಂದೇ ಬಣ್ಣ. ಮುಂದಿನ ವಸ್ತುವಿಗೆ ಅದಕ್ಕೆ ಎದುರು ನಿಲ್ಲುವ ಇನ್ನೊಂದು. ಮೂರನೆಯದು ಬೇಕೇ ಬೇಕಿದ್ದರೆ ಊಟಕ್ಕೆ ಉಪ್ಪಿನಕಾಯಿಯಷ್ಟು. ಆಮೇಲೆ ಇಡೀ ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿ. ಕೆಂಪು ಮತ್ತು ಹಸಿರು ಬಣ್ಣದಲ್ಲಿ ಜಗಳವಾಡುತ್ತಿದ್ದದ್ದು ಬೂದು ಬಣ್ಣದಲ್ಲಿ ಒಂದಾಗಿಬಿಟ್ಟರೆ ಬೆಳಕು–ನೆರಳಿನ ವ್ಯತ್ಯಾಸ ಸಾಲದು ಎಂದು ಅರ್ಥ.

ಇನ್ನೊಂದು ಪರೀಕ್ಷೆಗೆ ನಮ್ಮ ಸೀಮೆಯಷ್ಟು ಒಳ್ಳೆಯ ಪ್ರಯೋಗಶಾಲೆ ಬೇರೆ ಇಲ್ಲ. ಏಪ್ರಿಲ್ ಮಧ್ಯಾಹ್ನ ಬಯಲಿಗೆ ಹೋಗಿ ಫೋನ್ ತೆರೆಯಿರಿ. ಆ ಬಿಸಿಲಲ್ಲೂ ಕಂಡದ್ದು ಎಲ್ಲಿ ಬೇಕಾದರೂ ಕಾಣುತ್ತದೆ. ಸ್ಟೋರಿನ ಹಿನ್ನೆಲೆ ಕೆಲವರ ಫೋನಿನಲ್ಲಿ ಬಿಳಿ, ಕೆಲವರದರಲ್ಲಿ ಕಪ್ಪು. ಎರಡರ ಮೇಲೂ ಇಟ್ಟು ನೋಡಿ.

4. ಹೆಸರಿಡುವಾಗಲೇ ಒತ್ತಕ್ಷರ ಎಣಿಸಿ

ಇದು ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗದ ಸೂತ್ರ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕನ್ನಡ ಅಕ್ಷರ ಮೂರು ಅಂತಸ್ತಿನ ಮನೆ. ಮೇಲೆ ಗುಣಿತದ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಒತ್ತಕ್ಷರ ಇರುವ ಹೆಸರಿಗೆ ನಿಲ್ಲಲು ಹೆಚ್ಚು ಎತ್ತರ ಬೇಕು. ಎತ್ತರ ಕೊಟ್ಟಷ್ಟೂ ನಡುವಿನ ಅಕ್ಷರ ಸಣ್ಣದಾಗುತ್ತದೆ. ‘ಕುರುಕ್ಷೇತ್ರ’ ಬರೆದು ಉಗುರಿನಷ್ಟು ಮಾಡಿ. ಕೆಳಗಿನ ಒತ್ತುಗಳು ಇರುವೆ ಸಾಲಾಗುತ್ತವೆ. ‘ಹುಲಿ ಕುರಿ’ ಬರೆದು ನೋಡಿ. ಕೆಳಗೆ ಏನೂ ಇಲ್ಲ, ಅಕ್ಷರ ಜಾಗ ತುಂಬ ದಪ್ಪಗೆ ಕೂರುತ್ತದೆ. ‘ಚೌಕಾಬಾರ’, ‘ಅಳಿಗುಳಿ’ ಎರಡಕ್ಕೂ ಒತ್ತಿಲ್ಲ. ನಮ್ಮ ಹಳೆಯ ಆಟಗಳಿಗೆ ಹೆಸರಿಟ್ಟ ಪುಣ್ಯಾತ್ಮರು ಮುಖಚಿತ್ರಕ್ಕೆಂದೇ ಇಟ್ಟ ಹಾಗಿದೆ. ಕಥೆಗೆ ಬೇಕಾದ ಹೆಸರನ್ನು ಒತ್ತಿನ ಭಯಕ್ಕೆ ಬಿಡಬೇಕಿಲ್ಲ. ಎರಡು ಹೆಸರಿನ ನಡುವೆ ಮನಸ್ಸು ತೂಗುತ್ತಿದ್ದರೆ ಒತ್ತಿಲ್ಲದ್ದನ್ನು ಆರಿಸಿ.

ಫಾಂಟ್ ವಿಚಾರ. ಏಕ್ ಟೈಪ್‌ನವರ ಬಾಲೂ ತಮ್ಮ, ಅನೇಕ್ ಕನ್ನಡ ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಮಾರುವ ಗೇಮಿಗೂ ಬಳಸಬಹುದು. ಬಾಲೂ ತಮ್ಮ ದುಂಡಗೆ ಹೊಟ್ಟೆ ತುಂಬಿದ ಅಕ್ಷರ. ಹಗುರ ಆಟಕ್ಕೆ ಒಪ್ಪುತ್ತದೆ. ಅನೇಕ್‌ನಲ್ಲಿ ಕಿರಿದರಿಂದ ಅಗಲದವರೆಗೆ ಹಲವು ಅಳತೆ ಇದೆ, ಉದ್ದ ಹೆಸರಿಗೆ ಅನುಕೂಲ. ಇವೆರಡರಲ್ಲಿ ಒಂದನ್ನು ಹಿಡಿದು ಕೂತು, ಕೈಯಿಂದ ಸ್ವಲ್ಪ ತಿದ್ದಿ ನಿಮ್ಮದಾಗಿಸಿಕೊಳ್ಳಿ. ತೆಳು ಗೆರೆಯ ಅಲಂಕಾರದ ಅಕ್ಷರ ಮದುವೆ ಪತ್ರಿಕೆಗಿರಲಿ.

ಮುದ್ರಣದ ಅಂಗಡಿಯಲ್ಲಿ ಹೆಸರು ಬರೆಸಿದರೆ ಹುಷಾರು. ಹಳೆಯ ಫೋಟೋಶಾಪ್‌ಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗೆ ಬೇಕಾದ ಸೆಟ್ಟಿಂಗ್ ಹಾಕದಿದ್ದರೆ ಯೂನಿಕೋಡ್ ಕನ್ನಡ ಮುರಿದು ಬೀಳುತ್ತದೆ. ನನಗೆ ಒಮ್ಮೆ ‘ಕಟ್ಟೆ’ ಅನ್ನುವುದು ‘ಕಟ್‌ಟೆ’ ಎಂದು ಬಂತು. ಮಾಡಿಕೊಟ್ಟವರಿಗೂ ಗೊತ್ತಾಗಲಿಲ್ಲ, ನನಗೂ ಕಾಣಲಿಲ್ಲ, ಸ್ಟೋರಿನಲ್ಲಿ ನಾಲ್ಕು ದಿನ ಹಾಗೇ ಮೆರೆಯಿತು. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಹೆಸರನ್ನು ಅಲ್ಲಿ ಬರೆದು ಆಕಾರವಾಗಿ ಪರಿವರ್ತಿಸಿ ಕಳಿಸಿ. ಆಮೇಲೆ ಯಾರ ಕಂಪ್ಯೂಟರಿನಲ್ಲೂ ಒತ್ತು ಕಳಚಿ ಬೀಳದು.

ಕೊನೆಯ ಮಾತು: ಪ್ಲೇ ಸ್ಟೋರ್‌ನಲ್ಲಿ ಕನ್ನಡಕ್ಕೆ ಪ್ರತ್ಯೇಕ ವಿವರಪುಟ, ಪ್ರತ್ಯೇಕ ಚಿತ್ರ ಹಾಕಲು ಅವಕಾಶ ಇದೆ. ಫೋನನ್ನು ಕನ್ನಡದಲ್ಲಿಟ್ಟುಕೊಂಡವರಿಗೆ ಕನ್ನಡದ ಬೋರ್ಡೇ ಕಾಣಲಿ. ಐಕಾನಿನ ಒಳಗೆ ಮಾತ್ರ ಹೆಸರು ಬರೆಯುವುದೇ ಬೇಡ, ಪಕ್ಕದಲ್ಲೇ ಸ್ಟೋರ್ ಬರೆದಿರುತ್ತದೆ.

5. ಒಂದೇ ಚಿತ್ರ ಕತ್ತರಿಸಿ ಎಲ್ಲದಕ್ಕೂ ಹಾಕಬೇಡಿ

ಅಳತೆಗಳನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಪ್ಲೇ ಸ್ಟೋರ್ ಫೀಚರ್ ಗ್ರಾಫಿಕ್ 1024 × 500. ಇಂಡೀ ಗೇಮುಗಳ ತಾಣ ಇಚ್.ಐಓದ ಮುಖಚಿತ್ರ 630 × 500. ಸ್ಟೀಮ್‌ನಲ್ಲಿ ಹೆಡರ್ 920 × 430, ಮುಖ್ಯ ಕ್ಯಾಪ್ಸೂಲ್ (ಸ್ಟೀಮ್ ತನ್ನ ಅಂಗಡಿಯ ಚಿತ್ರಗಳಿಗೆ ಇಟ್ಟ ಹೆಸರು) 1232 × 706, ನಿಲುವಿನ ಕ್ಯಾಪ್ಸೂಲ್ 748 × 896, ಸಣ್ಣ ಕ್ಯಾಪ್ಸೂಲ್ 462 × 174.

ಈ ಸಣ್ಣದ್ದನ್ನೇ ಜನ ಕಡೆಗಣಿಸುವುದು. ಹುಡುಕಿದಾಗ, ಪಟ್ಟಿಗಳಲ್ಲಿ ಕಾಣುವುದು ಅದೇ, ಅದೂ ಇನ್ನಷ್ಟು ಕುಗ್ಗಿ. ಅಲ್ಲಿ ದೃಶ್ಯ ಬಿಟ್ಟುಬಿಡಿ. ಹೆಸರು ಅಗಲ ತುಂಬಲಿ, ಪಕ್ಕದಲ್ಲಿ ಒಂದು ಕವಡೆ ಸಾಕು. ನಿಲುವಿನ ಚಿತ್ರದಲ್ಲಿ ವಸ್ತು ಮೇಲೆ, ಹೆಸರು ಕೆಳಗೆ, ಅಡ್ಡದ್ದರಲ್ಲಿ ಅಕ್ಕಪಕ್ಕ. ಪ್ಲೇ ಸ್ಟೋರ್‌ಗೆ ವಿಡಿಯೋ ಸೇರಿಸಿದ್ದರೆ ಫೀಚರ್ ಗ್ರಾಫಿಕ್‌ನ ನಟ್ಟನಡುವೆ ಪ್ಲೇ ಬಟನ್ ಬಂದು ಕೂರುತ್ತದೆ. ನಿಮ್ಮ ನಾಯಕಿಯ ಮೂಗಿನ ಮೇಲೆ ಅದು ಬರದ ಹಾಗೆ ನೋಡಿಕೊಳ್ಳಿ.

6. ಇಲ್ಲದ್ದನ್ನು ತೋರಿಸಬೇಡಿ

1977ರ ಅಟಾರಿ ಕಾಲದಲ್ಲಿ ಡಬ್ಬಿ ಮೇಲೆ ಟ್ಯಾಂಕು, ವಿಮಾನಗಳ ಭರ್ಜರಿ ವರ್ಣಚಿತ್ರ. ಒಳಗೆ ಟಿವಿಯಲ್ಲಿ ನಾಲ್ಕು ಚೌಕದ ತುಂಡು. ಆಗ ಜನ ಒಪ್ಪಿಕೊಂಡರು, ಏಕೆಂದರೆ ತೆರೆ ತೋರಿಸಲಾರದ್ದನ್ನು ಚಿತ್ರ ತುಂಬಿಕೊಡುತ್ತಿತ್ತು. ಹತ್ತು ವರ್ಷದ ಮೇಲೆ, 1987ರಲ್ಲಿ, ‘ಮೆಗಾ ಮ್ಯಾನ್’ ಅಮೆರಿಕಕ್ಕೆ ಹೋದಾಗ ಡಬ್ಬಿ ಮೇಲೆ ನಡುವಯಸ್ಸಿನ ಒಬ್ಬ ಗಂಡಸು ಕೈಯಲ್ಲಿ ಪಿಸ್ತೂಲು ಹಿಡಿದು ಸೊಟ್ಟಗೆ ನಿಂತಿದ್ದ. ಗೇಮಿನೊಳಗೆ ಇರುವುದು ನೀಲಿ ಬಣ್ಣದ ರೋಬೋ ಹುಡುಗ, ಪಿಸ್ತೂಲೇ ಇಲ್ಲ. ಗೇಮ್ ಒಳ್ಳೆಯದಾಗಿತ್ತು, ಆದರೂ ಆ ಡಬ್ಬಿ ಇವತ್ತಿಗೂ ನಗೆಪಾಟಲು.

ನಿಮ್ಮದು ಚಪ್ಪಟೆ ಬಣ್ಣದ ಸರಳ ಆಟವಾದರೆ ಮುಖಚಿತ್ರದಲ್ಲಿ ಬಾಹುಬಲಿ ಬೇಡ. ಇಳಿಸಿಕೊಂಡವನು ಎರಡು ನಿಮಿಷದಲ್ಲಿ ಅಳಿಸಿ, ಒಂದು ನಕ್ಷತ್ರ ಕೊಟ್ಟು ಹೋಗುತ್ತಾನೆ. ‘ಹಿರಿಯೂರು’ ಎಂದು ಬೋರ್ಡು ಹಾಕಿ ಹೊಸದುರ್ಗಕ್ಕೆ ಓಡಿಸಿದರೆ ಪ್ರಯಾಣಿಕ ಸುಮ್ಮನಿರುತ್ತಾನೆಯೇ?

7. ಸಾಲಿನಲ್ಲಿ ನಿಲ್ಲಿಸಿ ನೋಡಿ

ಸ್ಟೋರಿನಲ್ಲಿ ‘ಲೂಡೋ’ ಎಂದು ಹುಡುಕಿ, ಬಂದ ಸಾಲಿನ ಸ್ಕ್ರೀನ್‌ಶಾಟ್ ತೆಗೆದು, ನಿಮ್ಮ ಐಕಾನನ್ನು ನಡುವೆ ಅಂಟಿಸಿ. ಅದು ಮಾಯವಾದರೆ ನೀವು ನಕಲು ಹೊಡೆದಿದ್ದೀರಿ. ಎದ್ದು ಕಂಡರೂ ಕ್ಯಾಲ್ಕುಲೇಟರ್ ಆಪ್ ಹಾಗೆ ಕಂಡರೆ ಆಟದ ಜಾತಿಯೇ ತಿಳಿಯುತ್ತಿಲ್ಲ. ಹಗುರ ಆಟಕ್ಕೆ ದುಂಡು ಆಕಾರ, ತಿಳಿ ಬಣ್ಣ, ಒಂದು ಗುರುತಿನ ಸಾಮಾನು ಬೇಕು. ಅದರಾಚೆ ನಿಮ್ಮದೇನೋ ಒಂದು ಇರಬೇಕು.

ಬಾಯಿ ಕಿಸಿದು ಕಿರುಚುವ ಮುಖ ಒಂದು ಕಾಲಕ್ಕೆ ಓಡಿತು. ‘ಆಂಗ್ರಿ ಬರ್ಡ್ಸ್’ ಹಕ್ಕಿಯ ಹುಬ್ಬು ಗಂಟಿಕ್ಕಿದ ಮೇಲೆ, ‘ಕ್ಲಾಶ್ ಆಫ್ ಕ್ಲಾನ್ಸ್’ನ ಮೀಸೆಯವನು ಅರಚಿದ ಮೇಲೆ, ಎಲ್ಲರೂ ಅರಚಿದರು. ಈಗ ಅದು ಸಂತೆಯ ಗದ್ದಲ. ಅಲ್ಲಿ ಸುಮ್ಮನೆ ಕೂತವನೇ ಎದ್ದು ಕಾಣುತ್ತಾನೆ.

8. ನಿಮ್ಮೂರಿನ ಸಾಮಾನು ಬಳಸಿ

‘ಭಾರತೀಯ’ ಎಂದು ತೋರಿಸಲು ಕಮಲ, ನವಿಲು, ಮಂಡಲದ ವಿನ್ಯಾಸ ಹಾಕುವುದು ಸೋಮಾರಿತನ. ಟೊರಾಂಟೊದ ಸಣ್ಣ ತಂಡವೊಂದು 2023ರಲ್ಲಿ ‘ವೆಣ್ಬಾ’ ಮಾಡಿತು. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆಮನೆಯ ಕಥೆ. ಇಡ್ಲಿಯಂಥ ಅಡುಗೆ ಮಾಡುವುದೇ ಆಟ. ಮರುವರ್ಷ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಅತ್ಯುನ್ನತ ಬಹುಮಾನ, ಬಾಫ್ಟಾ ಎರಡೂ ಬಂದವು. ಇಡ್ಲಿ ಪಾತ್ರೆ ಪರದೇಶಿಯರಿಗೆ ಅರ್ಥವಾಗದು ಎಂದು ಯಾರೂ ಅದನ್ನು ಮುಚ್ಚಿಡಲಿಲ್ಲ.

ನಮ್ಮಲ್ಲಿ ಕವಡೆ ಸಿಗದ ಮನೆಯಲ್ಲಿ ಹುಣಸೆಬೀಜದ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿ ಆಡುತ್ತಾರೆ. ಕಡುಕಂದು ಬೀಜ, ಬೆಳ್ಳನೆ ಮಗ್ಗುಲು: ಇದಕ್ಕಿಂತ ಸ್ಪಷ್ಟ ವ್ಯತ್ಯಾಸ ಯಾವ ಕಲಾವಿದ ಕೊಟ್ಟಾನು? ಕಲ್ಲಿನ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಮಣೆ, ಹಳೇ ದೇವಸ್ಥಾನಗಳ ನೆಲಹಾಸಿನಲ್ಲಿ ಕೊರೆದ ಹುಲಿ ಕುರಿ ಆಟದ ಗೆರೆ ಇವನ್ನೆಲ್ಲ ಕಣ್ಣಾರೆ ನೋಡಿ ಬರೆಯಿರಿ. ಇಂಥ ಆಟಗಳನ್ನು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಒಟ್ಟುಗೂಡಿಸಿ ತೋರಿಸಿದೆ.

9. ‘ಉಚಿತ’, ‘ನಂ. 1’ ಬರೆಯಬೇಡಿ

ಪ್ಲೇ ಸ್ಟೋರ್ ನಿಯಮದಲ್ಲೇ ಇದಕ್ಕೆ ತಡೆ ಇದೆ. ಸ್ಟೀಮ್ ಕೂಡ 2022ರ ಸೆಪ್ಟೆಂಬರ್ 1ರಿಂದ ಕ್ಯಾಪ್ಸೂಲಿನಲ್ಲಿ ಚಿತ್ರ, ಗೇಮಿನ ಹೆಸರು, ಅಧಿಕೃತ ಉಪಶೀರ್ಷಿಕೆ ಬಿಟ್ಟು ಪ್ರಶಸ್ತಿ, ಹೊಗಳಿಕೆ, ರಿಯಾಯಿತಿ ಏನನ್ನೂ ಬರೆಯಗೊಡುವುದಿಲ್ಲ. ಒಳ್ಳೆಯದೇ ಆಯಿತು.

10. ಕೈ ಪಳಗದಿದ್ದರೆ ಪಳಗಿದವರಿಗೆ ಕೊಡಿ

ಗೇಮಿನ ಬಜೆಟ್ಟಿನಲ್ಲಿ ಒಂದೇ ಕಡೆ ದುಡ್ಡು ಖರ್ಚು ಮಾಡಬಹುದು ಅಂದರೆ ಅದು ಇಲ್ಲಿ. ಚಿತ್ರ ಬರೆಯುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನ ಧ್ರುವ ಇಂಟರ್‌ಆಕ್ಟಿವ್ 1997ರಷ್ಟು ಹಿಂದೆಯೇ ಶುರುವಾಗಿ, ‘ಫೋರ್ಜಾ’ದಂಥ ವಿದೇಶಿ ಗೇಮುಗಳಿಗೆ ಕಲಾಕೆಲಸ ಮಾಡಿಕೊಟ್ಟಿತು, 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮಿಂಗಿಗೆಂದೇ ನೀತಿಯೊಂದನ್ನು ದೇಶದಲ್ಲಿ ಮೊದಲು ತಂದದ್ದು ಕರ್ನಾಟಕ, 2012ರಲ್ಲಿ. ಹತ್ತಿರದಲ್ಲೇ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅಲ್ಲಿ ಕಲಿತವರಿಗೆ ಪೆನ್ಸಿಲ್ಲಿನ ಮೇಲೆ ಹಿಡಿತ ಇರುತ್ತದೆ. ಉಗುರಿನ ಗಾತ್ರದ ಶಿಸ್ತು ನೀವು ಹೇಳಿಕೊಡಬೇಕು.

‘ಚೆನ್ನಾಗಿ ಮಾಡಿ ಅಣ್ಣ’ ಎಂದು ಬಿಟ್ಟರೆ ಅವರೇನು ಮಾಡಿಯಾರು? ಗೇಮನ್ನು ಆಡಿಸಿ. ಅಳತೆ ಪಟ್ಟಿ ಕೊಡಿ. ಮೊದಲು ಬಣ್ಣವಿಲ್ಲದ ನಾಲ್ಕಾರು ಚಿಕ್ಕ ಗೀಚು ಕೇಳಿ. ಅವನ್ನು ಉಗುರಿನಷ್ಟು ಮಾಡಿ ಒಂದನ್ನು ಆರಿಸಿದ ಮೇಲಷ್ಟೇ ಬಣ್ಣ. ಎಷ್ಟು ದುಡ್ಡು, ಎಷ್ಟು ಸಲ ತಿದ್ದುಪಡಿ, ಹಕ್ಕು ಯಾರದು ಅನ್ನುವುದನ್ನು ಕಾಗದದಲ್ಲಿ ಬರೆದುಕೊಳ್ಳಿ. ಪದರ ಪದರವಾಗಿರುವ ಮೂಲ ಫೈಲನ್ನೂ ಪಡೆಯಿರಿ. ಬರೀ ಪಿಎನ್‌ಜಿ ಇಟ್ಟುಕೊಂಡರೆ ನಾಳೆ ಹೊಸ ಅಳತೆ ಬಂದಾಗ ಬಾಯಿ ಬಾಯಿ ಬಿಡಬೇಕು.

ಎಐ ಚಿತ್ರದ ಬಗ್ಗೆ ನನ್ನ ತೀರ್ಪು ಚಿಕ್ಕದು. ಸ್ಟೀಮ್ 2024ರ ಜನವರಿಯಿಂದ ಅದರ ಬಳಕೆಯನ್ನು ತಿಳಿಸಲೇಬೇಕು ಅನ್ನುತ್ತದೆ, ಆಡುವವರಲ್ಲಿ ಅನೇಕರು ಅದನ್ನು ಕಂಡರೆ ಮುಖ ತಿರುಗಿಸುತ್ತಾರೆ. ಜೊತೆಗೆ, ಅದು ಬರೆದ ಕವಡೆಗೆ ಹಲ್ಲು ಎರಡೂ ಕಡೆ ಇದ್ದದ್ದನ್ನು ನಾನೇ ನೋಡಿದ್ದೇನೆ. ಯೋಚನೆಗೆ ಬಳಸಿ, ಬೋರ್ಡಿಗೆ ಬೇಡ.

11. ನಿಮ್ಮ ಗೆಳೆಯರನ್ನು ಕೇಳಬೇಡಿ

ಗೆಳೆಯರು ‘ಸೂಪರ್ ಮಗಾ’ ಅನ್ನುತ್ತಾರೆ, ಅದರಿಂದ ಉಪಯೋಗವಿಲ್ಲ. ಟೀ ಅಂಗಡಿಯಲ್ಲಿ ಕೂತ ಅಪರಿಚಿತರಿಗೆ ಎರಡು ಸೆಕೆಂಡು ತೋರಿಸಿ ಫೋನ್ ಮಗುಚಿಡಿ. “ಏನು ಕಂಡಿತು ಯಜಮಾನರೇ?” ಎಂದು ಕೇಳಿ. ‘ಚೆನ್ನಾಗಿದೆಯಾ’ ಎಂದು ಮಾತ್ರ ಕೇಳಬೇಡಿ. ಕೇಳಿದರೆ ನಮ್ಮ ಜನ ಮರ್ಯಾದೆಗೆ ಹೌದೇ ಅನ್ನುತ್ತಾರೆ.

ಗೇಮ್ ಸ್ಟೋರಿಗೆ ಹೋದ ಮೇಲೆ ಪ್ಲೇ ಕನ್ಸೋಲ್‌ನಲ್ಲೇ ಪರೀಕ್ಷೆ ಮಾಡಬಹುದು. ಈಗಿನ ಐಕಾನಿಗೆ ಎದುರಾಗಿ ಮೂರರವರೆಗೆ ಬೇರೆ ಐಕಾನ್ ಇಟ್ಟು, ಯಾವುದನ್ನು ನೋಡಿದವರು ಹೆಚ್ಚು ಇಳಿಸಿಕೊಂಡರು ಎಂದು ಅದು ಲೆಕ್ಕ ಕೊಡುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಣ್ಣ, ವಸ್ತು, ಕೋನ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಗೆದ್ದಿತೆಂದು ತಿಳಿಯುವುದಿಲ್ಲ. ದಿನಕ್ಕೆ ಹತ್ತು ಜನ ಬರುವ ಪುಟದಲ್ಲಿ ಎರಡೇ ದಿನಕ್ಕೆ ತೀರ್ಪು ಬರೆಯಬೇಡಿ, ವಾರಗಟ್ಟಲೆ ಕಾಯಬೇಕು.

ಪ್ಲೇ ಸ್ಟೋರ್‌ಗೆ ಹೋಗುವ ಮುಂಚೆಯೂ ಪರೀಕ್ಷಕರು ಬೇಕು. 2023ರ ನವೆಂಬರ್ ಮಧ್ಯದ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಗೇಮನ್ನು ಎಲ್ಲರಿಗೂ ಬಿಡುಗಡೆ ಮಾಡುವ ಮುಂಚೆ ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಸೇರಿರಬೇಕು. ಆದಿವಾಲದಲ್ಲಿ ಕವಡೆ ಹಿಡಿದ 12 ಕೈ ಸಿಗುವುದು ಕಷ್ಟವಲ್ಲ. ಅವರ ಫೋನಿಗೆ ಗೇಮ್ ಹಾಕಿಕೊಡುವ ಮುಂಚೆ ಐಕಾನ್ ತೋರಿಸಿ, ಮೊದಲ ಮಾತು ಏನು ಬಂತೋ ಅದನ್ನು ಹಾಗೇ ಬರೆದಿಟ್ಟುಕೊಳ್ಳಿ.